ಮುಲಾಕಾತಿನಿಂದ ಚಾರ್ಜ್‌ಶೀಟಿನವರೆಗೆ: ಜೈಲಿನೊಳಗಿನ ಒಂದು ದೂರು ಹೊರಬಂದ ದಾರಿ

ಹೋದ ವಾರ ಚಾರ್ಜ್‌ಶೀಟ್ ಕೋರ್ಟಿಗೆ ಸಲ್ಲಿಕೆಯಾಯಿತು. ವಿಚಾರಣಾಧೀನ ಕೈದಿಯಾಗಿರುವ ಹೆಣ್ಣುಮಗಳೊಬ್ಬಳು, ತನ್ನನ್ನು ಕಾಯಬೇಕಿದ್ದ ಜೈಲು ಸಿಬ್ಬಂದಿಯ ಮೇಲೆ ಕೊಟ್ಟ ಅತ್ಯಾಚಾರದ ದೂರು ಅದು. ಅವಳ ಅಕ್ಕ ಮೊದಲ ಸಲ ನಮ್ಮ ಕಾನೂನು ನೆರವಿನ ಮೇಜಿನ ಮುಂದೆ ಬಂದು ಕೂತ ಬುಧವಾರದಿಂದ ಲೆಕ್ಕ ಹಾಕಿದರೆ 60 ದಿನ. ಎಲ್ಲಿ ಎಡವಿದೆವು, ಯಾವ ಕಾಗದಕ್ಕೆ ಎಷ್ಟು ಕಾದೆವು, ಯಾವುದು ಮೊದಲೇ ಗೊತ್ತಿದ್ದರೆ ಅವಳ ಪಾಲಿಗೆ ಒಂದು ರಾತ್ರಿಯಾದರೂ ಹಗುರವಾಗುತ್ತಿತ್ತು ಅನ್ನುವುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇವೆ. ನಾಳೆ ಇನ್ನೊಬ್ಬ ಅಕ್ಕ, ಇನ್ನೊಬ್ಬ ತಾಯಿ ಇದೇ ದಾರಿಯಲ್ಲಿ ನಡೆಯಬೇಕಾಗಬಹುದು.

ಊರು, ಜೈಲು, ಠಾಣೆ, ಆಸ್ಪತ್ರೆ ಯಾವುದರ ಹೆಸರೂ ಇಲ್ಲಿಲ್ಲ. ಅವಳ ವಯಸ್ಸು, ಅವಳ ಮೇಲಿರುವ ಕೇಸು ಯಾವುದು ಅನ್ನುವುದೂ ಇಲ್ಲ. ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್‌ನ 72ನೇ ಕಲಂ ಪ್ರಕಾರ ಸಂತ್ರಸ್ತೆಯ ಗುರುತು ಹೊರಹಾಕುವುದೇ ಅಪರಾಧ, 2 ವರ್ಷದವರೆಗೆ ಸಜೆ ಇದೆ. ಹೆಸರು ಬರೆಯದಿದ್ದರೆ ಸಾಕು ಅಂತ ಹಲವರು ತಿಳಿದಿದ್ದಾರೆ. ಜೈಲಿನ ಮಹಿಳಾ ವಿಭಾಗದಲ್ಲಿ ಇರುವವರೇ ಕೆಲವರು. ‘ಇಂಥ ಕೇಸಿನವಳು’ ಅಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ವಾಟ್ಸಾಪಿನಲ್ಲಿ ನ್ಯಾಯ ಕೇಳುವ ಸಂಬಂಧಿಕರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ.

ಹೊರಗಿನ ಹೆಣ್ಣುಮಗಳು ದೂರು ಕೊಟ್ಟರೆ ಆರೋಪಿ ಅವಳ ಎದುರು ಪಕ್ಷ, ಅಷ್ಟೆ. ಜೈಲಿನೊಳಗೆ ಹಾಗಲ್ಲ. ಅವಳ ಪತ್ರ ಓದಿ ಹೊರಗೆ ಬಿಡುವವರು, ವಕಾಲತ್ತಿಗೆ ಸೀಲು ಹಾಕುವವರು, ಆಸ್ಪತ್ರೆಗೆ ಕಳಿಸುವವರು, ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್ ಇಟ್ಟುಕೊಂಡವರು, ರಾತ್ರಿ ಬ್ಯಾರಕ್ಕಿನ ಬೀಗದ ಕೈ ಹಿಡಿದವರು ಎಲ್ಲರೂ ಆರೋಪಿಯ ಜೊತೆ ಕೆಲಸ ಮಾಡುವವರು. ಅವರಲ್ಲಿ ಒಳ್ಳೆಯವರೂ ಇದ್ದರು, ಮಹಿಳಾ ವಿಭಾಗ ನೋಡಿಕೊಳ್ಳುವ ಒಬ್ಬ ಮೇಟ್ರನ್ ಇಲ್ಲದಿದ್ದರೆ ಈ ದೂರು ಹುಟ್ಟುತ್ತಲೇ ಇರಲಿಲ್ಲ. ಆದರೂ ಪ್ರತಿ ಹೆಜ್ಜೆಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕಾಗದ ಜೈಲಿನ ಕಚೇರಿಯ ಮೇಜು ಮುಟ್ಟದೆ ಹೋಗುವ ದಾರಿ ಯಾವುದು?

ಘಟನೆ ನಡೆದದ್ದು ಸೋಮವಾರ ರಾತ್ರಿ ಹತ್ತರ ಸುಮಾರಿಗೆ. ಅಕ್ಕನ ಮುಲಾಕಾತ್, ಅಂದರೆ ಜೈಲಿನಲ್ಲಿ ಭೇಟಿ, ಬುಧವಾರ ಬೆಳಿಗ್ಗೆ. ನಡುವೆ ಗಾಜು, ಮಾತಾಡಲು ಇಂಟರ್‌ಕಾಂ, ಬೆನ್ನ ಹಿಂದೆ ವಾರ್ಡರ್. ಇಂಟರ್‌ಕಾಂನಲ್ಲಿ ಆಡಿದ್ದನ್ನು ಬೇರೆಯವರು ಕೇಳುತ್ತಾರೆ ಅಂತಲೇ ಎಣಿಸಿ ಮಾತಾಡಬೇಕು. ಅವಳು ಹೇಳಿದ್ದು ಎರಡೇ ಮಾತು. ‘ಸೋಮವಾರ ರಾತ್ರಿ ಕೆಟ್ಟದಾಯ್ತಕ್ಕ. ಚೂಡಿದಾರ ಒಗೆದಿಲ್ಲ, ನ್ಯೂಸ್‌ಪೇಪರಲ್ಲಿ ಸುತ್ತಿಟ್ಟಿದೀನಿ.’ ಒಗೆಯಬೇಡ ಅಂತ ಹೇಳಿದ್ದು ಅದೇ ಮೇಟ್ರನ್.

ಆ ಎರಡನೆಯ ಮಾತು ಎಷ್ಟು ಬೆಲೆಯದ್ದು ಅನ್ನುವುದು ಆಮೇಲೆ ಗೊತ್ತಾಯಿತು. ಒದ್ದೆಯಾದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ತೇವ ನಿಂತು ಬೂಸ್ಟು ಬಂದು ಡಿಎನ್‌ಎ ಹಾಳಾಗುತ್ತದೆ. ಕಾಗದದಲ್ಲಿ ಗಾಳಿಯಾಡುತ್ತದೆ. ಅಕ್ಕನಿಗೆ ಆ ಬಟ್ಟೆಯನ್ನು ಹೇಗಾದರೂ ಹೊರಗೆ ತರಿಸಬೇಕು ಅನ್ನಿಸಿತ್ತು. ಹಾಗೆ ಮಾಡಬಾರದು. ಗೇಟಿನ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಬಟ್ಟೆಯೇ ಮಾಯವಾಗಬಹುದು. ಸಿಗದೆ ಹೊರಬಂದರೂ ‘ಮನೆಯಲ್ಲಿ ಏನೋ ಹಚ್ಚಿ ತಂದಿದ್ದಾರೆ’ ಅನ್ನುವ ಒಂದೇ ಪ್ರಶ್ನೆಗೆ ಅದರ ಬೆಲೆ ಹೋಗುತ್ತದೆ. ಬಟ್ಟೆ ಅವಳ ಬಳಿಯೇ ಇರಬೇಕು, ಡಾಕ್ಟರೋ ತನಿಖಾಧಿಕಾರಿಯೋ ಮಹಜರು ಬರೆದು ಸೀಲು ಹಾಕಿ ತೆಗೆದುಕೊಳ್ಳಬೇಕು.

ಇಲ್ಲಿಂದ ಗಡಿಯಾರ ಓಡುತ್ತದೆ. ಎರಡು ಅಂಕಿ ನೆನಪಿರಲಿ: 72 ಗಂಟೆ, 96 ಗಂಟೆ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು, 28 ದಿನ ಬಿಡದೆ ನುಂಗಬೇಕು. ಗರ್ಭ ತಡೆಯುವ ತುರ್ತು ಮಾತ್ರೆಯೂ 72 ಗಂಟೆಯೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ, 5 ದಿನದವರೆಗೂ ಕೊಡುತ್ತಾರೆ. ಮೈಮೇಲಿನ ಸ್ವಾಬ್ ಮಾದರಿಗಳನ್ನು 96 ಗಂಟೆಯೊಳಗೆ ತೆಗೆಯಬೇಕು ಅನ್ನುವುದು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ. ಈ ಅವಧಿ ದಾಟಿದೆ ಅಂತ ದೂರು ಕೊಡದೆ ಸುಮ್ಮನಾಗಬೇಡಿ. ಬಟ್ಟೆ, ರಿಜಿಸ್ಟರು, ಸಾಕ್ಷಿ, ಅವಳ ಮಾತು ಎಲ್ಲವೂ ಆಮೇಲೂ ಉಳಿದಿರುತ್ತವೆ. ಆದರೆ ಅವಧಿಯೊಳಗಿದ್ದರೆ ಉಳಿದೆಲ್ಲ ಕೆಲಸ ಬಿಟ್ಟು ಆಸ್ಪತ್ರೆಯ ದಾರಿ ಹಿಡಿಯಿರಿ.

ನಾವು ಮೊದಲು ಹೋದದ್ದು ಠಾಣೆಗೆ, ಅಲ್ಲೇ ಅರ್ಧ ದಿನ ಕಳೆದುಕೊಂಡೆವು. ‘ಜೈಲಿನೊಳಗಿನ ವಿಷಯ, ಸೂಪರಿಂಟೆಂಡೆಂಟರ ಪತ್ರ ತನ್ನಿ’ ಅಂದರು. ಆಮೇಲೆ ‘ಅದು ನಮ್ಮ ಸರಹದ್ದಲ್ಲ’ ಅಂದರು. ಎರಡೂ ತಪ್ಪು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಝೀರೋ ಎಫ್‌ಐಆರ್ ಅನ್ನುವುದು ಇದಕ್ಕೇ. ಜೈಲಿನ ಅಧಿಕಾರಿಯ ಒಪ್ಪಿಗೆ ಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಅತ್ಯಾಚಾರದ ಮಾಹಿತಿ ಬಂದರೂ ದಾಖಲಿಸದ ಪೊಲೀಸ್ ಅಧಿಕಾರಿಗೆ ಬಿಎನ್‌ಎಸ್ 199ರಡಿ ಕನಿಷ್ಠ 6 ತಿಂಗಳು, ಗರಿಷ್ಠ 2 ವರ್ಷ ಕಠಿಣ ಸಜೆ ಇದೆ. ಈ ಕಲಮಿನ ಹೆಸರು ಹೇಳಿ ಜಗಳಕ್ಕೆ ನಿಲ್ಲುವ ಬದಲು, ಅರ್ಜಿಯ ಎರಡನೇ ಪ್ರತಿಯ ಮೇಲೆ ‘ಸ್ವೀಕರಿಸಲಾಗಿದೆ’ ಅಂತ ದಿನಾಂಕ, ಸಮಯ ಬರೆಸಿ ಸಹಿ ಕೇಳಿ. ಅದನ್ನೂ ಕೊಡದಿದ್ದರೆ ಅದೇ ದಿನ ಎಸ್‌ಪಿಗೆ ಸ್ಪೀಡ್ ಪೋಸ್ಟಿನಲ್ಲೂ ಇ-ಮೇಲಿನಲ್ಲೂ ಕಳಿಸಿ. ಮುಂದೆ ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕಾಗಿ ಬಂದರೆ ಎಸ್‌ಪಿಗೆ ಕಳಿಸಿದ ರಸೀದಿಯೇ ಮೊದಲ ದಾಖಲೆ.

ಬುಧವಾರ ಮಧ್ಯಾಹ್ನ ಮೂರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಬಂದೆವು. ಬೆಳಿಗ್ಗೆಯೇ ಇಲ್ಲಿಗೆ ಬರಬೇಕಿತ್ತು. ಈ ಕಚೇರಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಅದರ ಸದಸ್ಯ ಕಾರ್ಯದರ್ಶಿ ಒಬ್ಬ ನ್ಯಾಯಾಧೀಶರು. ಅವರು ಜೈಲಿನೊಳಗೆ ಹೋಗಿ ಕೈದಿಯನ್ನು ಕಾಣಬಲ್ಲರು, ಯಾವ ವಾರ್ಡರೂ ನಡುವೆ ನಿಲ್ಲುವಂತಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೂ ಬಂಧನದಲ್ಲಿರುವವರಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಕಚೇರಿ ದೂರವಿದ್ದರೆ ಸಹಾಯವಾಣಿ 15100.

ಇಲ್ಲೊಂದು ಸೂಕ್ಷ್ಮ ಇದೆ, ಹಲವರು ಇದರಲ್ಲಿ ದಿನಗಟ್ಟಲೆ ಕಳೆಯುತ್ತಾರೆ. ಅವಳ ಹಳೆಯ ಕೇಸಿಗೆ ಸರ್ಕಾರ ಕೊಟ್ಟಿದ್ದ ವಕೀಲರು ಲೀಗಲ್ ಏಯ್ಡ್ ಡಿಫೆನ್ಸ್ ಕೌನ್ಸೆಲ್ ವ್ಯವಸ್ಥೆಯವರು. ಆ ವ್ಯವಸ್ಥೆ ಇರುವುದು ಆರೋಪಿಗಳ ಪರ ವಾದಿಸಲು. ಒಂದು ಕೇಸಿನಲ್ಲಿ ಆರೋಪಿಯಾಗಿರುವ ಇವಳು ಈ ಕೇಸಿನಲ್ಲಿ ಸಂತ್ರಸ್ತೆ; ಅದಕ್ಕೆ ಪ್ರಾಧಿಕಾರದ ಪಟ್ಟಿಯಲ್ಲಿರುವ ಪ್ಯಾನೆಲ್ ವಕೀಲರು ಬೇರೆಯೇ ಬೇಕು. ‘ಸಂತ್ರಸ್ತೆಯ ಪರವಾಗಿ ಪ್ಯಾನೆಲ್ ವಕೀಲರನ್ನು, ಸಾಧ್ಯವಾದರೆ ಮಹಿಳಾ ವಕೀಲರನ್ನು ನೇಮಿಸಬೇಕು’ ಅಂತಲೇ ಅರ್ಜಿಯಲ್ಲಿ ಬರೆಯಿರಿ. ಜೊತೆಗೆ ವಕಾಲತ್ತು. ಕೈದಿಯ ವಕಾಲತ್ತಿಗೆ ಜೈಲು ಅಧಿಕಾರಿಯ ದೃಢೀಕರಣ ಬೇಕಾಗುತ್ತದೆ. ಜೈಲಿನ ಮೇಲೆಯೇ ಕೊಡುವ ದೂರಿನ ವಕಾಲತ್ತು ಅದೇ ಮೇಜಿನ ಮೇಲೆ ಎರಡು ದಿನ ಮಲಗಿದರೆ ಕತೆ ಮುಗಿಯಿತು. ನಮ್ಮಲ್ಲಿ ಸದಸ್ಯ ಕಾರ್ಯದರ್ಶಿಯವರೇ ಗುರುವಾರ ಬೆಳಿಗ್ಗೆ ಜೈಲಿಗೆ ಹೋದಾಗ ತಮ್ಮ ಎದುರಲ್ಲೇ ಸಹಿ ಮಾಡಿಸಿದರು.

ಅವರು ಅವಳಿಗೆ ಕೇಳಿದ ಮೊದಲ ಪ್ರಶ್ನೆಯನ್ನು ಎಲ್ಲರೂ ಕೇಳಬೇಕು: ‘ನಿನಗೆ ದೂರು ಕೊಡಬೇಕು ಅಂತ ಇದೆಯಾ?’ ಅಕ್ಕನಿಗೆ ಸಿಟ್ಟಿತ್ತು, ನಮಗೆ ಅವಸರವಿತ್ತು. ಒಳಗೆ ರಾತ್ರಿ ಕಳೆಯಬೇಕಾದವಳು ಅವಳೊಬ್ಬಳೇ. ಹತ್ತು ನಿಮಿಷ ಸುಮ್ಮನೆ ಕೂತಿದ್ದು ಆಮೇಲೆ ‘ಬರ್ಕೊಳ್ಳಿ’ ಅಂದಳಂತೆ.

ದೂರಿನಲ್ಲಿ ಏನಿರಬೇಕು ಅನ್ನುವುದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇವೆ, ಕೇಸು ನಿಲ್ಲುವುದೂ ಬೀಳುವುದೂ ಇಲ್ಲೇ. ಒಳಗೆ ಕೈಗಡಿಯಾರ ಇರುವುದಿಲ್ಲ. ಅವಳಿಗೆ ‘ಎಷ್ಟು ಗಂಟೆ’ ಅಂತ ಕೇಳಿದರೆ ಅಂದಾಜು ಹೇಳುತ್ತಾಳೆ, ಆ ಅಂದಾಜೇ ಪಾಟೀಸವಾಲಿನಲ್ಲಿ ಸುಳ್ಳಾಗುತ್ತದೆ. ಜೈಲಿನ ದಿನಚರಿಯಲ್ಲಿ ಕೇಳಿ: ಸಂಜೆ ಎಣಿಕೆಗೆ ಮೊದಲೋ ಆಮೇಲೋ, ಬ್ಯಾರಕ್ ಲಾಕಪ್ ಆಗಿತ್ತೋ, ಪಾಳಿ ಬದಲಾಗಿತ್ತೋ, ಬೀಗ ತೆರೆದದ್ದು ಯಾರು, ಏನು ನೆಪ ಹೇಳಿ ಕರೆದರು, ಯಾವ ಬಾಗಿಲಿನಿಂದ ಹೋದರು, ವಾಪಸ್ ಬಂದಾಗ ಎಚ್ಚರವಿದ್ದವರು ಯಾರು. ಇವೆಲ್ಲಕ್ಕೂ ಜೈಲಿನಲ್ಲಿ ಒಂದೊಂದು ರಿಜಿಸ್ಟರು ಇದೆ. ಅವಳ ಮಾತು ರಿಜಿಸ್ಟರಿನೊಂದಿಗೆ ಕೂಡಿಕೊಂಡರೆ ಅದಕ್ಕಿಂತ ಗಟ್ಟಿ ಸಾಕ್ಷ್ಯ ಇಲ್ಲ. ಹೆಸರು ಗೊತ್ತಿಲ್ಲದಿದ್ದರೆ ಎದೆಯ ಮೇಲಿನ ಬಿಲ್ಲೆ, ಪಾಳಿ, ಉಳಿದವರು ಕರೆಯುವ ಅಡ್ಡಹೆಸರು ಸಾಕು. ಅವಳು ಹೇಳದ ಒಂದು ಪದವನ್ನೂ ಸೇರಿಸಬೇಡಿ. ‘ಚೀರಿದೆ, ಹೊಡೆದೆ’ ಅಂತ ಟೈಪಿಸ್ಟ್ ತಾನಾಗಿ ಸೇರಿಸಿದ ಸಾಲೊಂದನ್ನು ನಾವು ಹೊಡೆಸಿ ಹಾಕಿಸಿದೆವು. ಅವಳು ಚೀರಿರಲಿಲ್ಲ, ಹೆದರಿಕೆಗೆ ದನಿ ಸತ್ತುಹೋಗಿತ್ತು.

ಚೀರದಿದ್ದುದು ದೋಷವಲ್ಲ, ಇದು ಅವಳಿಗೂ ಗೊತ್ತಿರಬೇಕು. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯಲ್ಲಿ ಒಬ್ಬ ಆದಿವಾಸಿ ಹುಡುಗಿಯ ಮೇಲೆ ನಡೆದದ್ದಕ್ಕೆ ಸುಪ್ರೀಂ ಕೋರ್ಟು 1978ರಲ್ಲಿ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. ಗಾಯವಿಲ್ಲ, ಪ್ರತಿಭಟನೆ ಕಾಣುವುದಿಲ್ಲ ಅನ್ನುವುದು ಆಗಿನ ತರ್ಕ. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು, ಹೆಣ್ಣುಮಕ್ಕಳು ದೇಶದ ಉದ್ದಗಲಕ್ಕೂ ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು. ಇವತ್ತು ಜೈಲು ಸಿಬ್ಬಂದಿ ಕೈದಿಯ ಮೇಲೆ ಅತ್ಯಾಚಾರ ಎಸಗಿದರೆ ಅದು ಬಿಎನ್‌ಎಸ್ 64(2)(ಡಿ), ಕನಿಷ್ಠ 10 ವರ್ಷ ಕಠಿಣ ಸಜೆ, ಗರಿಷ್ಠ ಜೀವ ಇರುವವರೆಗೂ ಸೆರೆವಾಸ. ಸಂಭೋಗ ನಡೆದಿದೆ ಅಂತ ರುಜುವಾತಾಗಿ, ತನ್ನ ಒಪ್ಪಿಗೆ ಇರಲಿಲ್ಲ ಅಂತ ಅವಳು ಕೋರ್ಟಿನಲ್ಲಿ ಹೇಳಿದರೆ, ಒಪ್ಪಿಗೆ ಇರಲಿಲ್ಲ ಅಂತಲೇ ಕೋರ್ಟು ಭಾವಿಸಬೇಕು ಅನ್ನುತ್ತದೆ ಭಾರತೀಯ ಸಾಕ್ಷ್ಯ ಅಧಿನಿಯಮದ 120ನೇ ಕಲಂ. ಇನ್ನು ‘ಮನೆಗೆ ಫೋನು ಮಾಡಿಸ್ತೀನಿ, ಔಷಧಿ ತರಿಸ್ತೀನಿ, ಜಾಮೀನು ಮಾಡಿಸ್ತೀನಿ’ ಅಂತ ಅಧಿಕಾರ ತೋರಿಸಿ ಒಲಿಸಿಕೊಂಡದ್ದಾದರೆ ಅದಕ್ಕೆ 68ನೇ ಕಲಂ ಇದೆ, 5ರಿಂದ 10 ವರ್ಷ. ಅಂದರೆ ‘ಅವಳೇ ಒಪ್ಪಿದ್ದಳು’ ಅಂತ ಹೇಳಿ ಜೈಲಿನ ಅಧಿಕಾರಿ ಪಾರಾಗುವಂತಿಲ್ಲ. ತಪಾಸಣೆಯ ನೆಪದಲ್ಲಿ ಮೈಮುಟ್ಟುವುದು 74, ಬಟ್ಟೆ ಬಿಚ್ಚಿಸುವುದು 76, ಸ್ನಾನದ ಜಾಗದಲ್ಲಿ ಇಣುಕುವುದು, ಚಿತ್ರ ತೆಗೆಯುವುದು 77. ಈ ಮೂರು ಕಲಮುಗಳು ಗಂಡಸರಿಗಷ್ಟೇ ಅಲ್ಲ, ಹೆಣ್ಣು ವಾರ್ಡರುಗಳಿಗೂ ಅನ್ವಯಿಸುತ್ತವೆ.

ಗುರುವಾರ ಮಧ್ಯಾಹ್ನ ನಾಲ್ಕೂವರೆಗೆ ಎಫ್‌ಐಆರ್ ಆಯಿತು. ಮಹಿಳಾ ಅಧಿಕಾರಿಯೇ ಬರೆದುಕೊಂಡರು. ಪ್ರತಿ ಉಚಿತ, ಕೇಳಿ ಪಡೆಯಿರಿ. ಸಂಜೆ ಏಳಕ್ಕೆ ಸರ್ಕಾರಿ ಆಸ್ಪತ್ರೆ. ಸೋಮವಾರ ರಾತ್ರಿಯಿಂದ 69 ಗಂಟೆ ಕಳೆದಿತ್ತು. ಎಂಟಕ್ಕೆ ಪಿಇಪಿಯ ಮೊದಲ ಮಾತ್ರೆ. ಕಾನೂನಿನ ಪ್ರಕಾರ ಮಾಹಿತಿ ಸಿಕ್ಕ 24 ಗಂಟೆಯೊಳಗೆ ಪರೀಕ್ಷೆಗೆ ಕಳಿಸಬೇಕು, ಆದರೆ ಆ 24 ಗಂಟೆಯಲ್ಲೇ ನಮ್ಮ 72 ಮುಗಿದುಹೋಗುತ್ತಿತ್ತು. ಎಸ್ಕಾರ್ಟ್ ಸಿಬ್ಬಂದಿ ಇಲ್ಲ, ವಾಹನ ಇಲ್ಲ ಅನ್ನುವ ಉತ್ತರ ಬಂದೇ ಬರುತ್ತದೆ. ಅರ್ಜಿಯಲ್ಲಿ ‘72 ಗಂಟೆ ಇಂಥ ದಿನ ಇಷ್ಟು ಗಂಟೆಗೆ ಮುಗಿಯುತ್ತದೆ’ ಅಂತ ಸಮಯ ಬರೆದು ಕೊಟ್ಟದ್ದೇ ಕೆಲಸ ಮಾಡಿತು.

ಪರೀಕ್ಷೆಯ ಕೋಣೆಯಲ್ಲಿ ಜೊತೆಗೆ ಬಂದ ಜೈಲು ವಾರ್ಡರ್ ನಿಲ್ಲಲು ನೋಡಿದರು. ಪೊಲೀಸರಾಗಲಿ ಜೈಲಿನವರಾಗಲಿ ಆ ಕೋಣೆಯಲ್ಲಿ ಇರಬಾರದು. ಡಾಕ್ಟರಿಗೆ ಹೇಳಿ, ಅವರೇ ಹೊರಗೆ ಕಳಿಸುತ್ತಾರೆ. ಪ್ರತಿ ಹಂತಕ್ಕೂ ಅವಳ ಒಪ್ಪಿಗೆ ಬೇಕು, ಒಂದು ಭಾಗಕ್ಕೆ ಒಪ್ಪಿ ಇನ್ನೊಂದಕ್ಕೆ ಬೇಡ ಅನ್ನಬಹುದು, ಬೇಡ ಅಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಎರಡು ಬೆರಳಿನ ಪರೀಕ್ಷೆ ಮಾಡುವಂತೆಯೇ ಇಲ್ಲ. ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಅಂತ ಸುಪ್ರೀಂ ಕೋರ್ಟು 2022ರ ಅಕ್ಟೋಬರ್ 31ರಂದು ಹೇಳಿದೆ. ಚೂಡಿದಾರವನ್ನು ಡಾಕ್ಟರು ಅಲ್ಲೇ ಬಿಳಿ ಕಾಗದದ ಮೇಲೆ ಹರಡಿ, ನೆರಳಲ್ಲಿ ಒಣಗಿಸಿ, ಅದು ಸುತ್ತಿದ್ದ ನ್ಯೂಸ್‌ಪೇಪರನ್ನೂ ಬಿಸಾಡದೆ ಬೇರೆ ಕವರಿಗೆ ಹಾಕಿದರು. ಪೇಪರಿನ ಮೂಲೆಯಲ್ಲಿ ಸೋಮವಾರದ ತಾರೀಖು ಇತ್ತು. ಪ್ರತಿ ಕವರಿನ ಮೇಲೆ ಸಂಖ್ಯೆ, ಅರಗಿನ ಸೀಲು, ಪೊಲೀಸರಿಗೆ ಕೊಟ್ಟದ್ದಕ್ಕೆ ಸಹಿ. ಎಷ್ಟು ಕವರು ಕೊಟ್ಟರು, ಎಷ್ಟು ತೆಗೆದುಕೊಂಡರು ಅನ್ನುವುದನ್ನು ಬರೆದುಕೊಳ್ಳಿ. ಮುಂದೆ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ, ಅಂದರೆ ಎಫ್‌ಎಸ್‌ಎಲ್‌ನಲ್ಲಿ, ‘ಆರು ಕವರು ಬಂದಿದೆ’ ಅಂದರೆ ಏಳನೆಯದು ಎಲ್ಲಿ ಅಂತ ಕೇಳಲು ನಿಮ್ಮ ಬಳಿ ಲೆಕ್ಕ ಇರಬೇಕು. ಗಾಯ ಇಲ್ಲ ಅಂತ ವರದಿಯಲ್ಲಿ ಬಂದರೆ ಎದೆಗುಂದಬೇಡಿ, ಗಾಯ ಇಲ್ಲದಿದ್ದರೆ ಅತ್ಯಾಚಾರವೂ ಇಲ್ಲ ಅಂತ ಅರ್ಥವಲ್ಲ. ಪರೀಕ್ಷೆ, ಔಷಧಿ ಎಲ್ಲ ಉಚಿತ. ನಮ್ಮ ಕಡೆ ಒಂದು ರೂಪಾಯಿಯೂ ತೆಗೆದುಕೊಳ್ಳಲಿಲ್ಲ.

ನಾವು ಮೊದಲೇ ಎಣಿಸದೆ ಇದ್ದ ತೊಂದರೆ ಅಂದರೆ ಪಿಇಪಿಯ ಉಳಿದ 27 ದಿನ. ಕೈದಿ ತನ್ನ ಬಳಿ ಮಾತ್ರೆ ಇಟ್ಟುಕೊಳ್ಳುವಂತಿಲ್ಲ, ಜೈಲಿನ ಆಸ್ಪತ್ರೆಯೇ ದಿನಾ ಕೊಡಬೇಕು. ಆರನೆಯ ದಿನ ‘ಸ್ಟಾಕ್ ಬಂದಿಲ್ಲ’ ಅಂದರು. ಒಂದು ದಿನವೂ ತಪ್ಪಬಾರದ ಮಾತ್ರೆ ಅದು. ಅವತ್ತೇ ಮ್ಯಾಜಿಸ್ಟ್ರೇಟರ ಮುಂದೆ ಮೆಮೊ ಹಾಕಿ, ಮಾತ್ರೆ ಕೊಟ್ಟ ಪ್ರತಿ ದಿನದ ಸಹಿ ಇರುವ ಚಾರ್ಟನ್ನು ವಾರಕ್ಕೊಮ್ಮೆ ಕೋರ್ಟಿಗೆ ಕಳಿಸಬೇಕು ಅಂತ ಆದೇಶ ಪಡೆದೆವು. ಎಫ್‌ಐಆರ್ ಆದ ದಿನವೇ ಈ ಆದೇಶ ಕೇಳಿಬಿಡಿ. ಗರ್ಭ ನಿಂತರೆ 24 ವಾರದವರೆಗೂ ತೆಗೆಸಿಕೊಳ್ಳುವ ಹಕ್ಕು ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ ಇದೆ, 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ, ಆಮೇಲೆ ಇಬ್ಬರದ್ದು. ಪರೀಕ್ಷೆಯ ತಾರೀಖನ್ನು ಮರೆಯದೆ ಕೇಳುತ್ತಿರಬೇಕು, ಒಳಗೆ ವಾರಗಳು ಲೆಕ್ಕವಿಲ್ಲದೆ ಜಾರುತ್ತವೆ.

ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ ಶನಿವಾರ ಆಯಿತು. ಇದು ಬಿಎನ್‌ಎಸ್‌ಎಸ್ 183ನೇ ಕಲಂ, ಹಿಂದೆ 164 ಅನ್ನುತ್ತಿದ್ದರು, ಕೋರ್ಟಿನಲ್ಲಿ ಈಗಲೂ ಹಾಗೇ ಅನ್ನುತ್ತಾರೆ. 10 ವರ್ಷ ಅಥವಾ ಅದಕ್ಕೂ ಹೆಚ್ಚಿನ ಸಜೆಯ ಅಪರಾಧವಾದರೆ ಮ್ಯಾಜಿಸ್ಟ್ರೇಟರು ಹೇಳಿಕೆ ದಾಖಲಿಸಲೇಬೇಕು, ಆದಷ್ಟು ಮಟ್ಟಿಗೆ ಮಹಿಳಾ ಮ್ಯಾಜಿಸ್ಟ್ರೇಟರೇ. ನಮ್ಮದೇ ರಾಜ್ಯದ ನೊಣವಿನಕೆರೆ ಠಾಣೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದಂತೆ, 24 ಗಂಟೆಗಿಂತ ತಡವಾದರೆ ತನಿಖಾಧಿಕಾರಿ ಕಾರಣ ಬರೆಯಬೇಕು, ಚಾರ್ಜ್‌ಶೀಟ್ ಆಗುವವರೆಗೆ ಹೇಳಿಕೆಯನ್ನು ಯಾರಿಗೂ ತೋರಿಸಬಾರದು. ಹೊರಗಿನವರಾದರೆ ನಡೆದು ಬರುತ್ತಾರೆ. ಕೈದಿಯನ್ನು ಕರೆಸಲು ಕೋರ್ಟಿನಿಂದ ಬಾಡಿ ವಾರಂಟ್ ಹೊರಡಬೇಕು; ಅದು ಜೈಲಿಗೆ ತಲುಪಿ, ಎಸ್ಕಾರ್ಟ್ ಸಿಕ್ಕಿ, ಅವಳು ಕೋರ್ಟು ಮುಟ್ಟುವಾಗ ಶುಕ್ರವಾರ ಕಳೆದಿತ್ತು. ವಿಡಿಯೋ ಕಾನ್ಫರೆನ್ಸಿನಲ್ಲಿ ಮುಗಿಸೋಣ ಅನ್ನುವ ಮಾತು ಬಂದರೆ ದಯವಿಟ್ಟು ಒಪ್ಪಬೇಡಿ. ಪರದೆಯಲ್ಲಿ ಅವಳ ಮುಖ ಕಾಣುತ್ತದೆ, ಕ್ಯಾಮೆರಾದ ಆಚೆ ನಿಂತವರು ಕಾಣುವುದಿಲ್ಲ.

ಇದೇ ಮಾತು ರಿಮಾಂಡ್ ವಾಯಿದೆಗೂ, ಅಂದರೆ ಬಂಧನ ಮುಂದುವರಿಸಲು ಕೈದಿಯನ್ನು ಕೋರ್ಟಿಗೆ ಹಾಜರುಪಡಿಸುವ ದಿನಕ್ಕೂ ಸೇರುತ್ತದೆ. ಹೊರಗೆ ಯಾರೂ ಇಲ್ಲದ, ಮುಲಾಕಾತಿಗೂ ಯಾರೂ ಬಾರದ ಕೈದಿಗೆ ಇರುವ ದೊಡ್ಡ ಬಾಗಿಲು ಅದೇ. ವಾಯಿದೆಯ ದಿನ ನ್ಯಾಯಾಧೀಶರ ಎದುರು ಬಾಯಿಬಿಟ್ಟು ಹೇಳಿದರೆ ಅದು ದಾಖಲಾಗುತ್ತದೆ. ವಿಡಿಯೋದಲ್ಲಿ ಹಾಜರುಪಡಿಸಿದರೆ ‘ಖುದ್ದಾಗಿ ಬಂದು ಹೇಳುವುದಿದೆ’ ಅನ್ನುವ ಒಂದು ವಾಕ್ಯ ಸಾಕು. ಸುನಿಲ್ ಬಾತ್ರಾ ಪ್ರಕರಣದಲ್ಲಿ ಕೈದಿಯೊಬ್ಬ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ರಿಟ್ ಅರ್ಜಿ ಅಂತ ತೆಗೆದುಕೊಂಡಿತ್ತು. ದೂರಿನ ಪೆಟ್ಟಿಗೆ ಇಡಬೇಕು, ಜಿಲ್ಲಾ ನ್ಯಾಯಾಧೀಶರು ಜೈಲಿಗೆ ಭೇಟಿ ಕೊಡಬೇಕು ಅಂತ 1979ರಲ್ಲಿ ಆದೇಶಿಸಿತು. 1983ರಲ್ಲಿ ಪತ್ರಕರ್ತೆ ಶೀಲಾ ಬರ್ಸೆ ಮುಂಬೈ ಜೈಲಿನ ಹೆಣ್ಣು ಕೈದಿಗಳನ್ನು ಮಾತಾಡಿಸಿ ಬರೆದ ಪತ್ರವೂ ಹೀಗೇ ತೀರ್ಪಾಯಿತು. ಆದ್ದರಿಂದ ಕಾಗದದ ಚೂರಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದಾದರೂ ಸರಿ, ನ್ಯಾಯಾಧೀಶರ ಕೈ ಮುಟ್ಟಲಿ.

ಹೇಳಿಕೆ ಮುಗಿಸಿ ಅವಳು ಅದೇ ಜೈಲಿಗೆ ವಾಪಸ್ ಹೋದಳು. ಈ 60 ದಿನಗಳಲ್ಲಿ ಅತ್ಯಂತ ಭಯವಾದದ್ದು ಆ ಶನಿವಾರ ಸಂಜೆ. ಆರೋಪಿ ಅಮಾನತಾಗಿದ್ದ, ಅವನ ಸ್ನೇಹಿತರು ಪಾಳಿಯಲ್ಲೇ ಇದ್ದರು. ಸೇಡು ಯಾವಾಗಲೂ ಹೊಡೆತದ ರೂಪದಲ್ಲಿ ಬರುವುದಿಲ್ಲ. ಅವಳ ಕ್ಯಾಂಟೀನ್ ನಿಂತಿತು, ಅಕ್ಕನ ಮುಲಾಕಾತಿಗೆ ಆಧಾರ್ ಸರಿಯಿಲ್ಲ ಅಂದರು, ‘ನಿನ್ನ ರಕ್ಷಣೆಗೆ’ ಅಂತ ಒಂಟಿ ಕೋಣೆಗೆ ಹಾಕಿದರು. ರಕ್ಷಣೆಯ ಹೆಸರಿನ ಒಂಟಿ ಕೋಣೆ ಶಿಕ್ಷೆಯೇ. ದೂರು ಕೊಟ್ಟ ಹೆಣ್ಣು ಕೈದಿಗೆ ತಕ್ಷಣ ರಕ್ಷಣೆ, ಆಪ್ತ ಸಮಾಲೋಚನೆ, ಸ್ವತಂತ್ರ ತನಿಖೆ ಸಿಗಬೇಕು, ಸೇಡಿನ ಅಪಾಯವನ್ನು ಗಮನದಲ್ಲಿಡಬೇಕು ಅಂತ ವಿಶ್ವಸಂಸ್ಥೆಯ 2010ರ ಬ್ಯಾಂಕಾಕ್ ನಿಯಮಗಳ 25ನೇ ನಿಯಮ ಹೇಳುತ್ತದೆ. ಇದನ್ನು ಅರ್ಜಿಯಲ್ಲಿ ಉಲ್ಲೇಖಿಸಿದೆವು, ಒಂಟಿ ಕೋಣೆಯಿಂದ ಹೊರಬಂದಳು. ಜೊತೆಗೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ. ಪೊಲೀಸರು ಬೆದರಿಕೆಯ ವರದಿಯನ್ನು 5 ಕೆಲಸದ ದಿನಗಳೊಳಗೆ ಕೊಡಬೇಕು. ನಮಗೆ 11 ದಿನ ಹಿಡಿಯಿತು. ಅವಳ ಪರ ಮಾತಾಡಿದ ಸಹಕೈದಿಗಳಿಗೂ ಮೇಟ್ರನ್‌ಗೂ ಇದೇ ಅರ್ಜಿ ಹಾಕಿ, ಅವರನ್ನು ಮರೆಯಬೇಡಿ.

ಬೇರೆ ಜೈಲಿಗೆ ವರ್ಗ ಕೇಳಬೇಕೋ ಬೇಡವೋ ಅನ್ನುವುದು ಅವಳೇ ತೀರ್ಮಾನಿಸಬೇಕಾದ ವಿಷಯ. ವರ್ಗವಾದರೆ ಜೀವಕ್ಕೆ ನೆಮ್ಮದಿ, ಆದರೆ ಅಕ್ಕನ ಬಸ್ಸಿನ ದಾರಿ ಮೂರು ಪಟ್ಟು, ಹಳೆಯ ಕೇಸಿನ ವಾಯಿದೆಗಳು ಮುಂದೆ ಹೋಗುತ್ತವೆ. ಮೊದಲು ಆರೋಪಿಯ ಗುಂಪನ್ನು ಅಲ್ಲಿಂದ ತೆಗೆಯಿರಿ ಅಂತ ಕೇಳುವುದು ಸರಿ ಅನ್ನುವುದು ನಮ್ಮ ಅಭಿಪ್ರಾಯ. ಆದರೆ ಮೂರನೇ ವಾರ ಅವಳು ‘ಇಲ್ಲಿ ನಿದ್ದೆ ಬರಲ್ಲ’ ಅಂದಳು. ವರ್ಗ ಕೇಳಿದೆವು, ಒಂಬತ್ತು ದಿನಕ್ಕೆ ಆಯಿತು.

ಸಾಕ್ಷ್ಯದ ಕಡೆ ನೀವು ಓಡಬೇಕಾದದ್ದು ಡಿವಿಆರ್ ಹಿಂದೆ. ಅದು ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂರುತ್ತದೆ, ಯಾರೂ ಅಳಿಸಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು ಅಳಿದುಹೋಗುತ್ತದೆ. ಎಫ್‌ಐಆರ್ ಆದ ಮರುದಿನವೇ ಕೋರ್ಟಿಗೆ ಅರ್ಜಿ ಹಾಕಿ, ಬಿಎನ್‌ಎಸ್‌ಎಸ್ 94ರಡಿ ಕ್ಯಾಮೆರಾ ದೃಶ್ಯ, ಪಾಳಿ ಪಟ್ಟಿ, ಬೀಗದ ಕೈ ರಿಜಿಸ್ಟರು, ಮಹಿಳಾ ವಿಭಾಗದ ಗೇಟ್ ರಿಜಿಸ್ಟರು ಹಾಜರುಪಡಿಸಲು ಕೇಳಿ. ಗಂಡು ಸಿಬ್ಬಂದಿ ಹೆಣ್ಣು ಸಿಬ್ಬಂದಿಯ ಜೊತೆಯಿಲ್ಲದೆ ಮಹಿಳಾ ವಿಭಾಗಕ್ಕೆ ಕಾಲಿಡುವಂತಿಲ್ಲ ಅನ್ನುವುದು ಕೈದಿಗಳ ಬಗ್ಗೆ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳ 81ನೇ ನಿಯಮ, ನಮ್ಮ ಜೈಲು ಕೈಪಿಡಿಗಳೂ ಅದನ್ನೇ ಹೇಳುತ್ತವೆ. ಹಾಗಾಗಿ ಗೇಟ್ ರಿಜಿಸ್ಟರಿನಲ್ಲಿ ಅವನ ಹೆಸರು ಇದ್ದರೂ ಸಾಕ್ಷ್ಯ. ಹೆಸರಿಲ್ಲದೆ ಕ್ಯಾಮೆರಾದಲ್ಲಿ ಕಂಡರೆ ಇನ್ನೂ ದೊಡ್ಡ ಸಾಕ್ಷ್ಯ. ನಮ್ಮಲ್ಲಿ ಆದದ್ದು ಎರಡನೆಯದು. ದೃಶ್ಯದ ಪ್ರತಿ ತೆಗೆದುಕೊಳ್ಳುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿದೆಯಾ, ದೃಶ್ಯ ತಿದ್ದಿಲ್ಲ ಅಂತ ತೋರಿಸುವ ಹ್ಯಾಶ್ ಸಂಖ್ಯೆ ಬರೆದಿದ್ದಾರಾ ನೋಡಿಕೊಳ್ಳಿ. ಅದಿಲ್ಲದ ಪೆನ್‌ಡ್ರೈವ್ ವಿಚಾರಣೆಯಲ್ಲಿ ಬರೀ ಪ್ಲಾಸ್ಟಿಕ್ ಚೂರು.

ಪೊಲೀಸ್ ತನಿಖೆ ಒಂದೇ ಅಲ್ಲ. ಕೋರ್ಟು ಒಪ್ಪಿಸಿದ ಬಂಧನದಲ್ಲಿರುವ ಹೆಣ್ಣಿನ ಮೇಲೆ ಅತ್ಯಾಚಾರದ ಆರೋಪ ಬಂದರೆ ಮ್ಯಾಜಿಸ್ಟ್ರೇಟರು ಬೇರೆಯಾಗಿ ವಿಚಾರಣೆ ನಡೆಸಬೇಕು ಅನ್ನುತ್ತದೆ ಬಿಎನ್‌ಎಸ್‌ಎಸ್ 196(2). ಇದು ತಾನಾಗಿ ಶುರುವಾಗುವುದನ್ನು ಕಾಯದೆ ಅರ್ಜಿ ಕೊಡಿ. ಮಾನವ ಹಕ್ಕು ಆಯೋಗಕ್ಕೆ ಒಂದು ವರ್ಷದೊಳಗೆ ದೂರು ಕೊಡಬಹುದು. ಆದರೆ ರಾಜ್ಯ ಆಯೋಗದಲ್ಲಿ ಬಾಕಿ ಇರುವುದನ್ನು ರಾಷ್ಟ್ರೀಯ ಆಯೋಗ ಮುಟ್ಟುವುದಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಬಂಧನದಲ್ಲಿನ ಅತ್ಯಾಚಾರವನ್ನು 24 ಗಂಟೆಯೊಳಗೆ ತನಗೆ ತಿಳಿಸಬೇಕು ಅಂತ ರಾಷ್ಟ್ರೀಯ ಆಯೋಗ 1993ರಿಂದ ಹೇಳುತ್ತಲೇ ಇದೆ. ನಿಮ್ಮ ಪ್ರಕರಣದಲ್ಲಿ ತಿಳಿಸಿದರೇ ಅಂತ 10 ರೂಪಾಯಿಯ ಆರ್‌ಟಿಐ ಅರ್ಜಿಯಲ್ಲಿ ಕೇಳಬಹುದು.

‘ಸರ್ಕಾರಿ ನೌಕರ, ಮೇಲಿನವರ ಮಂಜೂರಾತಿ ಬರಲಿ’ ಅನ್ನುವ ಮಾತು ನಾಲ್ಕನೇ ವಾರದಲ್ಲಿ ಬಂತು. ಅತ್ಯಾಚಾರ ಮತ್ತು ಲೈಂಗಿಕ ಹಲ್ಲೆಯ ಕಲಮುಗಳಿಗೆ ಮಂಜೂರಾತಿ ಬೇಕಾಗಿಲ್ಲ ಅಂತ ಬಿಎನ್‌ಎಸ್‌ಎಸ್ 218ರ ವಿವರಣೆಯಲ್ಲೇ ಬರೆದಿದೆ. ಆ ಪುಟದ ಜೆರಾಕ್ಸ್ ಕೊಟ್ಟೆವು, ಮತ್ತೆ ಆ ಮಾತು ಬರಲಿಲ್ಲ. ಎರಡು ತಿಂಗಳಲ್ಲಿ ತನಿಖೆ ಮುಗಿಯಬೇಕು ಅನ್ನುವ ಗಡುವು ಅದೇ ಸಂಹಿತೆಯ 193ರಲ್ಲಿದೆ. ಅದನ್ನು ನೆನಪಿಸುವ ಪತ್ರವನ್ನು 30ನೇ ದಿನ ಒಂದು, 45ನೇ ದಿನ ಒಂದು ಕೊಟ್ಟೆವು. ಎಫ್‌ಎಸ್‌ಎಲ್ ವರದಿ ಇನ್ನೂ ಬಂದಿಲ್ಲ, ಅದು ಬಂದ ಮೇಲೆ ಹೆಚ್ಚುವರಿಯಾಗಿ ಸೇರುತ್ತದೆ.

ಖರ್ಚಿನ ಬಗ್ಗೆ ಕೇಳುವವರಿಗೆ: ವಕೀಲರಿಗೆ, ಆಸ್ಪತ್ರೆಗೆ, ಎಫ್‌ಐಆರ್‌ಗೆ ಏನೂ ಇಲ್ಲ. ಅಕ್ಕನಿಗೆ ಬಿದ್ದದ್ದು ಬಸ್ಸು, ಜೆರಾಕ್ಸ್, ಟೈಪಿಂಗ್, ಅಂಚೆ ಸೇರಿ 9,000 ರೂಪಾಯಿಯ ಹತ್ತಿರ, ಜೊತೆಗೆ 17 ದಿನದ ಕೂಲಿ. ಪರಿಹಾರಕ್ಕೆ ಅದೇ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ, ಅಂದರೆ ನಾಲ್ಸಾದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ ಇದೆ, ಆರೋಪಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ, ಮಧ್ಯಂತರ ಪರಿಹಾರ ಮೊದಲೇ ಕೇಳಬಹುದು. ಬಂದ ಹಣದಲ್ಲಿ ಶೇಕಡ 75 ಮೂರು ವರ್ಷ ಠೇವಣಿಯಲ್ಲಿರುತ್ತದೆ, 25 ಕೈಗೆ. ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆ ಬೇಕು. ಅವಳ ಹಳೆಯ ಖಾತೆ ಕೆವೈಸಿ ಇಲ್ಲದೆ ನಿಂತುಹೋಗಿತ್ತು, ಒಳಗಿದ್ದುಕೊಂಡು ಅದನ್ನು ಸರಿಮಾಡಿಸಲು ಐದು ವಾರ ಹಿಡಿಯಿತು. ಖಾತೆಯ ಕೆಲಸವನ್ನು ಮೊದಲ ವಾರದಲ್ಲೇ ಶುರುಮಾಡಿ.

ಮುಂದಿನದು ಸೆಷನ್ಸ್ ನ್ಯಾಯಾಲಯ, ಮುಚ್ಚಿದ ಬಾಗಿಲಿನ ವಿಚಾರಣೆ. ಅದಕ್ಕೂ ಮೊದಲು ಮೂರನೆಯ ತಿಂಗಳ ಎಚ್‌ಐವಿ ರಕ್ತಪರೀಕ್ಷೆ ಬಾಕಿ ಇದೆ, ಆರನೆಯ ವಾರದ್ದು ನೆಗೆಟಿವ್ ಬಂದಿತ್ತು. ಹೊಸ ಜೈಲಿನ ಆಸ್ಪತ್ರೆಗೆ ಹಳೆಯ ಜೈಲಿನಿಂದ ಅವಳ ಕಡತ ಇನ್ನೂ ಬಂದಿಲ್ಲ. ತಾರೀಖು ಬರೆದ ಚೀಟಿಯನ್ನು ಅಕ್ಕ ಮೊನ್ನೆಯ ಮುಲಾಕಾತಿನಲ್ಲಿ ಗಾಜಿಗೆ ಒತ್ತಿ ಹಿಡಿದು ತೋರಿಸಿದ್ದಾಳೆ, ಅವಳು ಅದನ್ನು ಅಂಗೈಯಲ್ಲಿ ಬರೆದುಕೊಂಡಿದ್ದಾಳೆ. ಕಡತ ಕಳಿಸಲು ಆದೇಶ ಕೇಳಿ ನಾವು ಸೋಮವಾರ ಮೆಮೊ ಹಾಕುತ್ತಿದ್ದೇವೆ.